ರಕ್ತ ಕೊಡ್ಲಿಕ್ಕೆ ಹೋಗ್ತೀರಾ? ಫಾರ್ಮ್ ಓದಿಸಿಕೊಂಡೇ ಸೈನ್ ಹಾಕಿ

ಮೊದಲ ಸಲ ರಕ್ತ ಕೊಡ್ಲಿಕ್ಕೆ ಹೊರಟವರೆಲ್ಲ ಕೇಳುದು ಸೂಜಿ ಬಗ್ಗೆಯೇ, ನೋವಾಗ್ತದಾ, ತಲೆ ತಿರುಗ್ತದಾ ಅಂತ. ಅದನ್ನು ಆಮೇಲೆ ಹೇಳ್ತೇನೆ, ಮೊದಲು ಫಾರ್ಮಿನ ವಿಷಯ, ಯಾಕಂದ್ರೆ ನಮ್ಮ ಕಾಸರಗೋಡಿನ ಕನ್ನಡದವರು ಎಡವುದು ಅಲ್ಲೇ.

ಕ್ಯಾಂಪಿಗೆ ಹೋದ್ರೂ ಬ್ಲಡ್ ಬ್ಯಾಂಕಿಗೆ ಹೋದ್ರೂ ಕೈಗೆ ಮೊದಲು ಬರುದು ಒಂದು ಫಾರ್ಮ್, ನಮ್ಮಲ್ಲಿ ಅದು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಲ್ಲೋ ಇರ್ತದೆ. ಮಲಯಾಳ ಮಾತಾಡ್ಲಿಕ್ಕೆ ನಮಗೆ ಬರ್ತದೆ, ಆದ್ರೆ ಕನ್ನಡ ಮೀಡಿಯಂನಲ್ಲಿ ಕಲಿತ ಎಷ್ಟೋ ಜನರಿಗೆ ಓದ್ಲಿಕ್ಕೆ ಬರುದಿಲ್ಲ. ನಾನು ಮೊದಲ ಸಲ ಹೋದಾಗ ಹಿಂದೆ ಉದ್ದ ಕ್ಯೂ, ಕೇಳ್ಲಿಕ್ಕೆ ನಾಚಿಕೆ, ಪಕ್ಕದವ ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿದ, ನಾನೂ ಹಾಕಿದೆ. ಕಾಲಿನ ಗಾಯ ಕೀವಾಗಿ ತಗೊಂಡ ಆಂಟಿಬಯೋಟಿಕ್ ಮುಗಿದು ಆಗ ನಾಲ್ಕೇ ದಿನ. ಬೆಡ್ಡಲ್ಲಿ ಮಲಗಿದ ಮೇಲೆ ನರ್ಸ್ ತುಳುವಿನಲ್ಲಿ ಮದ್ದು ಏನಾದ್ರೂ ತಗೊಳ್ತಾ ಇದ್ದೀರಾ ಅಂತ ಕೇಳಿದ್ರು, ನಾನು ಹೇಳಿದೆ, ಎಬ್ಬಿಸಿ ಕಳಿಸಿದ್ರು. ಅವರು ಕೇಳದೇ ಇದ್ದಿದ್ರೆ ಆ ರಕ್ತ ಯಾರಿಗೆ ಹೋಗ್ತಿತ್ತೋ ಅಂತ ಈಗ್ಲೂ ಅನಿಸ್ತದೆ.

ಹಾಗಾಗಿ ಓದ್ಲಿಕ್ಕೆ ಬಾರದಿದ್ರೆ ಓದಿ ಹೇಳಿ ಅಂತ ಕೇಳಿ, ಕೇಳುದು ನಿಮ್ಮ ಹಕ್ಕು. ಕೊಟ್ಟ ಪ್ರತಿ ಬ್ಯಾಗನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕೆ ಟೆಸ್ಟ್ ಮಾಡ್ತಾರೆ ನಿಜ, ಆದ್ರೆ ಸೋಂಕು ಹೊಸತಾಗಿ ಸೇರಿದ್ರೆ ಸ್ವಲ್ಪ ದಿನ ಟೆಸ್ಟಿಗೂ ಸಿಕ್ಕುದಿಲ್ಲ, ಆಗ ರೋಗಿಯನ್ನು ಕಾಯುದು ನಿಮ್ಮ ಉತ್ತರ ಮಾತ್ರ. ಜನರ ಎದುರು ಹೇಳ್ಲಿಕ್ಕೆ ಆಗದ ವಿಷಯ ಇದ್ರೆ ಡಾಕ್ಟ್ರ ಹತ್ರ ಬೇರೆಯಾಗಿ ಮಾತಾಡ್ಬೇಕು ಅಂತ ಹೇಳಿ. ಮಲೇರಿಯಾ ಬಂದು ವಾಸಿಯಾಗಿ 3 ತಿಂಗಳಾಗಿಲ್ಲವಾ, ಟ್ಯಾಟೂ ಹಾಕಿಸಿ 12 ತಿಂಗಳಾಗಿಲ್ಲವಾ, ಹೆರಿಗೆಯಾಗಿ ವರ್ಷ ತುಂಬಿಲ್ಲವಾ, ಮಗು ಹಾಲು ಕುಡಿತಾ ಉಂಟಾ, ಎಲ್ಲ ಹೇಳ್ಬೇಕು. ಈಗ ಬೇಡ, ಆಮೇಲೆ ಬನ್ನಿ ಅಂದ್ರೆ ಬೇಜಾರು ಮಾಡ್ಬೇಡಿ, ಆಮೇಲೆ ಹೋಗಿ.

ಇನ್ನೊಂದು, ಆಪರೇಶನ್ ಅಂತ ಮನೆಯವರನ್ನು ಮಂಗಳೂರಿಗೆ ಕರ್ಕೊಂಡು ಹೋದಾಗ ಬ್ಲಡ್ ಬೇಕು ಅಂತ ಬೈಸ್ಟಾಂಡರ್, ಅಂದ್ರೆ ರೋಗಿಯ ಜೊತೆ ನಿಂತವರ ಹತ್ರವೇ ಹೇಳ್ತಾರೆ, ನಾವು ಇಲ್ಲಿಂದ ಗಡಿಬಿಡಿಯಲ್ಲಿ ತಲಪಾಡಿ ಗಡಿ ದಾಟಿ ಓಡ್ತೇವೆ. ನಮ್ಮವರಿಗಲ್ವಾ ಅಂತ ಜನ ಸುಳ್ಳು ಹೇಳುದು ಆವಾಗಲೇ ಜಾಸ್ತಿ. ನಿಮಗೆ ಆಗದಿದ್ರೆ ಬೇರೊಬ್ಬರನ್ನು ಕಳಿಸಿ, ದಯವಿಟ್ಟು.

ವಯಸ್ಸು 18 ಆಗಿರ್ಬೇಕು, ತೂಕ ಕಮ್ಮಿ ಅಂದ್ರೂ 45 ಕೆಜಿ, ಹಿಮೋಗ್ಲೋಬಿನ್ ಕಮ್ಮಿ ಅಂದ್ರೂ 12.5. ಖಾಲಿ ಹೊಟ್ಟೆಯಲ್ಲಿ ಹೋಗ್ಲೇಬಾರದು, ಏಕಾದಶಿಯೋ ನೋಂಬೋ ಇದ್ರೆ ಬೇರೆ ದಿನ ನೋಡಿ. ಬೆಳಿಗ್ಗೆ ಗಂಜಿಯೋ ದೋಸೆಯೋ ಸರಿಯಾಗಿ ತಿನ್ನಿ, ನೀರು ಕುಡೀರಿ, ಹಿಂದಿನ ರಾತ್ರಿ ನಿದ್ದೆ ಆಗಿರ್ಬೇಕು, ಕುಡಿದಿರ್ಬಾರದು.

ಬಿಪಿ ನೋಡ್ತಾರೆ, ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡ್ತಾರೆ. ಎಷ್ಟೋ ಕ್ಯಾಂಪಲ್ಲಿ ನೀಲಿ ಬಣ್ಣದ ಮೈಲುತುತ್ತಿನ ನೀರಿಗೆ ಒಂದು ಹನಿ ರಕ್ತ ಬಿಡ್ತಾರೆ, ಅಡಿಕೆ ತೋಟಕ್ಕೆ ಬಿಡುವ ಬೋರ್ಡೋ ಮದ್ದಿಗೆ ಹಾಕ್ತೇವಲ್ಲ, ಅದೇ ಮೈಲುತುತ್ತು. ಹನಿ ಉಂಡೆಯಾಗಿ ಸೀದಾ ತಳಕ್ಕೆ ಹೋದ್ರೆ ನೀವು ಪಾಸ್, ಮೇಲೆಯೇ ನಿಂತ್ರೆ ಹಿಮೋಗ್ಲೋಬಿನ್ ಕಮ್ಮಿ ಅಂತ. ನನಗೆ ಆ ಹನಿ ಇಳಿಯುದನ್ನು ನೋಡುದೇ ಖುಷಿ.

ಸೂಜಿ ದಪ್ಪ ಉಂಟು, ಸುಳ್ಳು ಹೇಳುದಿಲ್ಲ. ಚುಚ್ಚುವಾಗ ಎರಡು ಸೆಕೆಂಡು ಉರಿ, ಆಮೇಲೆ ನೋವು ಅಂತ ಇಲ್ಲ. ಕೈಯಲ್ಲಿ ಒಂದು ಚೆಂಡು ಕೊಡ್ತಾರೆ, ಒತ್ತಿ ಬಿಟ್ಟು ಮಾಡ್ತಾ ಇರಿ. ಟ್ಯೂಬ್ ಕೈಗೆ ತಾಗಿದ್ರೆ ಬೆಚ್ಚಗಿರ್ತದೆ, ಹೆದರ್ಬೇಡಿ, ಅದು ನಿಮ್ಮದೇ ಮೈಯ ಬಿಸಿ. ರಕ್ತ ಹೆಪ್ಪುಗಟ್ಟದ ಹಾಗೆ ಬ್ಯಾಗಲ್ಲಿ ಮೊದಲೇ ದ್ರಾವಣ ಇರ್ತದೆ, ಅದು ಬೆರೀಲಿಕ್ಕೆ ಬ್ಯಾಗನ್ನು ತೊಟ್ಟಿಲ ಹಾಗೆ ತೂಗ್ತಾ ಇರ್ತಾರೆ. 350 ಮಿಲಿ, ಹತ್ತು ನಿಮಿಷದೊಳಗೆ ಮುಗೀತದೆ. ಬೆವರು, ಕಣ್ಣು ಕತ್ತಲೆ ಅನಿಸಿದ್ರೆ ತಡ್ಕೊಳ್ಬೇಡಿ, ಕೂಡ್ಲೇ ಹೇಳಿ, ಕಾಲು ಎತ್ತರ ಮಾಡಿ ಮಲಗಿಸ್ತಾರೆ.

ಮುಗಿದ ಮೇಲೆ ಜ್ಯೂಸ್ ಬಿಸ್ಕೆಟ್ ತಗೊಂಡು 15 ನಿಮಿಷ ಅಲ್ಲೇ ಕೂತ್ಕೊಳ್ಳಿ, ಮನೆಗೆ ಬಂದು ಬೊಂಡ (ಎಳನೀರು) ಕುಡೀರಿ. ಆ ದಿನ ಅಡಿಕೆ ಮರ ಹತ್ಬೇಡಿ, ಕೊನೆ ತೆಗೀಲಿಕ್ಕೂ ಬೇಡ ಮದ್ದು ಬಿಡ್ಲಿಕ್ಕೂ ಬೇಡ, ಮೇಲೆ ಹೋದಾಗ ತಲೆ ತಿರುಗಿದ್ರೆ ಹಿಡೀಲಿಕ್ಕೆ ಯಾರೂ ಇರುದಿಲ್ಲ. ಭಾರ ಎತ್ತುದೂ ಬೇಡ. ಇನ್ನೊಮ್ಮೆ ಕೊಡ್ಬೇಕಾದ್ರೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗ್ಬೇಕು.

ಬ್ಲಡ್ ಬ್ಯಾಂಕಿನ ಫೋನ್ ನಂಬರ್ ತಗೊಂಡೇ ಹೊರಡಿ. ಮನೆಗೆ ಬಂದು ಎರಡು ಮೂರು ದಿನದಲ್ಲಿ ಜ್ವರ ಬಂದ್ರೆ, ಫಾರ್ಮಲ್ಲಿ ಹೇಳದ ವಿಷಯ ಏನಾದ್ರೂ ನೆನಪಾದ್ರೆ, ಫೋನ್ ಮಾಡಿ, ಕನ್ನಡದಲ್ಲೇ ಹೇಳಿ, ಇಂಥ ದಿನ ಕೊಟ್ಟದ್ದು ನಾನು ಅಂತ. ಬ್ಯಾಗ್ ಇನ್ನೂ ಅಲ್ಲೇ ಇದ್ರೆ ತೆಗೆದು ಬದಿಗಿಡ್ತಾರೆ.