ನೀಲಿ ಬೆಳಕಿಗೆ ಕಾಮಾಲೆ ಎಷ್ಟು ಬೇಗ ಇಳಿದೀತು? ಅಂದಾಜು ಮಾಡುವುದು ಹೀಗೆ

ಕಾಮಾಲೆಯಾದ ಹಸುಗೂಸನ್ನು ಫೋಟೋಥೆರಪಿಗೆ, ಅಂದರೆ ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆಗೆ ಮಲಗಿಸಿದ ಮರುದಿನವೇ ‘ಮಗು ಬೆಳ್ಳಗಾಯಿತಲ್ಲ, ಮನೆಗೆ ಕಳಿಸಿಬಿಡಿ’ ಎಂದು ಹಟ ಹಿಡಿಯುವವರು ಬಹಳ. ಬೆಳಕಿಗೆ ಚರ್ಮದ ಹಳದಿ ಮೊದಲು ಮಾಸುತ್ತದೆ, ಕಾಮಾಲೆ ತರುವ ಹಳದಿ ವಸ್ತುವಾದ ಬಿಲಿರುಬಿನ್ ರಕ್ತದಲ್ಲಿ ಅದೇ ವೇಗದಲ್ಲಿ ಇಳಿಯುವುದಿಲ್ಲ. ಮೈಬಣ್ಣ ನೋಡಿ ಲೆಕ್ಕ ಹಾಕಲೇಬೇಡಿ.

1. ಮಗು ಹುಟ್ಟಿ ಎಷ್ಟು ಗಂಟೆಯಾಯಿತು, ಎಷ್ಟನೇ ವಾರಕ್ಕೆ ಹುಟ್ಟಿತು, ತಾಯಿ–ಮಗುವಿನ ರಕ್ತದ ಗುಂಪು ಯಾವುದು ಎಂದು ಬರೆದಿಟ್ಟುಕೊಳ್ಳಿ.

2. ಬೆಳಕಿಗೆ ನಿಧಾನವಾಗಿ ಸ್ಪಂದಿಸುವ ಮಕ್ಕಳನ್ನು ಮೊದಲೇ ಗುರುತಿಸಿ. ತಾಯಿ ‘ಓ’ ಗುಂಪಿನವರಾಗಿದ್ದು ಮಗು ‘ಎ’ ಅಥವಾ ‘ಬಿ’ ಆಗಿದ್ದರೆ, ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದು ಮಗು ಪಾಸಿಟಿವ್ ಆಗಿದ್ದರೆ, ಮೊದಲ 24 ಗಂಟೆಯಲ್ಲೇ ಕಾಮಾಲೆ ಕಂಡಿದ್ದರೆ ರಕ್ತಕಣ ಒಡೆದು ಬಿಲಿರುಬಿನ್ ಹೆಚ್ಚುತ್ತಿರಬಹುದು. ಕೆಂಪು ರಕ್ತಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಿಗೆ ನುಸಿಗುಳಿಗೆ ಹಾಕಿಟ್ಟ ಬಟ್ಟೆಯೂ ಅಪಾಯ. ಪೆಟ್ಟಿಗೆಯಿಂದ ತೆಗೆದ ಹಳೆಯ ಬಟ್ಟೆಯನ್ನು ಹಾಗೇ ತೊಡಿಸಬೇಡಿ.

3. ಕಣ್ಣಿಗೆ ಪಟ್ಟಿ, ಒಂದು ಚಿಕ್ಕ ಡೈಪರ್. ಟೋಪಿ, ಕಾಲುಚೀಲ ಬೇಡ. ಮುಚ್ಚಿದ ಚರ್ಮಕ್ಕೆ ಬೆಳಕು ತಾಗದು. ಎರಡು–ಮೂರು ಗಂಟೆಗೊಮ್ಮೆ ಎದೆಹಾಲು. ಗ್ಲೂಕೋಸ್ ನೀರು, ಗ್ರೈಪ್ ವಾಟರ್ ಕಾಮಾಲೆ ಇಳಿಸುವುದಿಲ್ಲ. ಎಳೆಬಿಸಿಲು, ಅಂಗಡಿಯ ನೀಲಿ ಬಲ್ಬು ಈ ಚಿಕಿತ್ಸೆಗೆ ಬದಲಿಯಲ್ಲ. ಬೇಕಾದದ್ದು ಸುಮಾರು 460ರಿಂದ 490 ನ್ಯಾನೊಮೀಟರ್ ತರಂಗಾಂತರದ ಬೆಳಕು. ಅದರ ತೀವ್ರತೆಯನ್ನು ಮೀಟರ್‌ನಿಂದ ಅಳೆದಿದ್ದೀರಾ ಎಂದು ಸಂಕೋಚವಿಲ್ಲದೆ ಕೇಳಿ. ಹಳೆಯ ಟ್ಯೂಬುಗಳು ಉರಿಯುತ್ತಲೇ ಇದ್ದರೂ ಶಕ್ತಿ ಕಳೆದುಕೊಂಡಿರುತ್ತವೆ.

4. ಹೆಚ್ಚಿನವರು ಎಡವುವುದು ಎರಡನೇ ರಕ್ತಪರೀಕ್ಷೆಯ ವರದಿ ಓದುವಾಗ. ವರದಿ ಕೈಗೆ ಬಂದ ಸಮಯವಲ್ಲ, ರಕ್ತ ತೆಗೆದ ಸಮಯ ನೋಡಿ. ಬೆಳಕಿಗೆ ಮುಂಚಿನ ಏರಿಕೆಯ ವೇಗ ಗೊತ್ತಿಲ್ಲದಿದ್ದರೆ ಹೊಸ ಅಂಕಿ ದಾರಿ ತಪ್ಪಿಸುತ್ತದೆ. ಒಂದು ಮಗುವಿನ ಬಿಲಿರುಬಿನ್ (100 ಮಿಲಿಲೀಟರ್ ರಕ್ತದಲ್ಲಿ) ಗಂಟೆಗೆ 0.3 ಮಿಲಿಗ್ರಾಂನಂತೆ ಏರುತ್ತಿತ್ತು ಎನ್ನಿ. ದೀಪ ಹಾಕಿದಾಗ 16.2, ಆರು ಗಂಟೆಯ ನಂತರ 16.5. ‘ಜಾಸ್ತಿಯಾಯಿತು, ದೀಪದಿಂದ ಉಪಯೋಗವಿಲ್ಲ’ ಎಂದು ಮನೆಯವರು ಗಾಬರಿಯಾಗುತ್ತಾರೆ. ಅದೇ ವೇಗದಲ್ಲಿ ಏರಿದ್ದರೆ 18 ಆಗಬೇಕಿತ್ತು. ಬೆಳಕು ಕೆಲಸ ಮಾಡುತ್ತಿದೆ, ಆದರೆ ರಕ್ತಕಣ ಇನ್ನೂ ಒಡೆಯುತ್ತಿರುವ ಸಾಧ್ಯತೆಯಿದೆ. ಇಂಥ ಮಗುವಿಗೆ ಮುಂದಿನ ಪರೀಕ್ಷೆ ಬೇಗ ಆಗಬೇಕು. ಇಂಥ ತೊಡಕಿಲ್ಲದ ಮಗುವಿಗೆ ತೀವ್ರ ಫೋಟೋಥೆರಪಿ ಸರಿಯಾಗಿ ಸಿಕ್ಕರೆ 24 ಗಂಟೆಯಲ್ಲಿ ಶೇ 30–40ರಷ್ಟು ಇಳಿಯಬಹುದು. ಸಾಧಾರಣ ತೀವ್ರತೆಯ ಫೋಟೋಥೆರಪಿಯಲ್ಲಿ ಶೇ 6ರಿಂದ 20. ಆರಂಭದ ಮಟ್ಟ ಹೆಚ್ಚಿದ್ದಷ್ಟೂ ಮೊದಲ ಇಳಿತ ಚುರುಕು. ಚರ್ಮಕ್ಕೆ ಒತ್ತಿ ಬಿಲಿರುಬಿನ್ ನೋಡುವ ಮೀಟರನ್ನು ಬೆಳಕು ಬಿದ್ದ ಜಾಗದಲ್ಲಿ ನಂಬಬೇಡಿ, ರಕ್ತಪರೀಕ್ಷೆಯೇ ಆಗಲಿ.

ಅಂಕಿ ಏನೇ ಇರಲಿ, ಮಗು ಹಾಲು ಬಿಟ್ಟರೆ, ಮೈ ಜೋತುಬಿದ್ದರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಬಿಲ್ಲಿನಂತೆ ಬಗ್ಗಿಸಿದರೆ ಆ ಕ್ಷಣವೇ ವೈದ್ಯರನ್ನು ಕರೆಯಿರಿ.

5. ದೀಪ ತೆಗೆದ ಮೇಲೆ ಮಟ್ಟ ಮತ್ತೆ ಏರಬಹುದು. 38 ವಾರಕ್ಕೆ ಮುಂಚೆ ಹುಟ್ಟಿದವರು, ಹುಟ್ಟಿದ 48 ಗಂಟೆಯೊಳಗೆ ಚಿಕಿತ್ಸೆ ಶುರುವಾದವರು, ರಕ್ತಕಣ ಒಡೆಯುತ್ತಿರುವವರಲ್ಲಿ ಈ ಸಂಭವ ಹೆಚ್ಚು. ಮರುಪರೀಕ್ಷೆಯ ದಿನ, ಗಂಟೆ ಎರಡನ್ನೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.