ಎರೆಮಣ್ಣಿನ ಹಿತ್ತಲು, ಕಲಬುರಗಿ ಬಿಸಿಲು

ಮೊದಲ ಬೇಸಿಗೆಯಲ್ಲಿ ನನ್ನ ಹೀರೆ ಬಳ್ಳಿಗಳನ್ನು ನಾನೇ ನೀರು ಹಾಕಿ ಕೊಂದೆ.

ಮಧ್ಯಾಹ್ನ ಎರಡು ಗಂಟೆಗೆ ಅಡುಗೆಮನೆ ಕಿಟಕಿಯಿಂದ ನೋಡಿದರೆ ಎಲೆಗಳೆಲ್ಲ ಹಿಂಡಿ ಹಾಕಿದ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತಿದ್ದವು. ಹೊರಗೆ 42 ಡಿಗ್ರಿ. ಪಾಪ, ಬಾಯಾರಿದೆ ಎಂದು ಓಡಿ ಹೋಗಿ ಒಂದು ಬಕೆಟ್ ಸುರಿಯುತ್ತಿದ್ದೆ. ಸಂಜೆಗೆ ಎಲೆ ನೆಟ್ಟಗಾಗುತ್ತಿತ್ತು. ನೀರು ಹಾಕಿದ್ದಕ್ಕೇ ಎದ್ದಿತು ಅಂದುಕೊಂಡೆ. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಎಲೆಗಳು ಏಳಲೇ ಇಲ್ಲ. ಬುಡ ಹಿಡಿದು ಎಳೆದರೆ ಬಳ್ಳಿ ಸಲೀಸಾಗಿ ಕೈಗೆ ಬಂತು. ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಕೆಟ್ಟ ವಾಸನೆ.

ಅತ್ತೆ ಹಳ್ಳಿಯಲ್ಲಿ ಬೇಸಾಯ ಮಾಡಿ ಬದುಕಿದವರು. ಅವರು ಆ ಬೇರನ್ನು ಕೈಯಲ್ಲಿ ಹಿಡಿದು ನೋಡಿ, "ಎಲಿ ನೋಡಿ ನೀರ ಹಾಕ್ತಾರೇನವ್ವ? ಮಣ್ಣ ನೋಡಿ ಹಾಕಬೇಕು" ಅಂದರು. ಅಲ್ಲಿಂದ ನನ್ನ ತೋಟದ ಕೆಲಸವೇ ಬದಲಾಯಿತು.

ಹೀರೆ, ಕುಂಬಳ, ಸೋರೆ ಇವುಗಳ ಎಲೆ ಅಗಲ. ಸುಡು ಬಿಸಿಲಲ್ಲಿ ಎಲೆಯಿಂದ ಆವಿಯಾಗಿ ಹೋಗುವಷ್ಟು ವೇಗವಾಗಿ ಬೇರು ನೀರು ಎಳೆದು ಕೊಡಲಾರದು. ಅದಕ್ಕೇ ಎಲೆ ಜೋಲುತ್ತದೆ. ಮಣ್ಣಿನಲ್ಲಿ ತೇವ ಇದ್ದರೆ ಬಿಸಿಲು ಇಳಿದ ಮೇಲೆ ತಾನೇ ಏಳುತ್ತದೆ. ನಾನು ಈಗ ಬೆಳಿಗ್ಗೆ ಏಳು ಗಂಟೆಗೆ ನೋಡುತ್ತೇನೆ. ಆಗಲೂ ಜೋತಿದ್ದರೆ ಏನೋ ತೊಂದರೆ ಇದೆ ಎಂದು ಅರ್ಥ. ತೋರುಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸುತ್ತೇನೆ. ಅಲ್ಲಿನ ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟಿದರೆ ಆ ದಿನ ನೀರಿಲ್ಲ. ಪುಡಿಯಾದರೆ ಮಾತ್ರ ಬಕೆಟ್ ಎತ್ತುತ್ತೇನೆ.

ನಮ್ಮ ಹಿತ್ತಲು ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಪೂರ್ತಿ ಎರೆಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು. ಈ ಮಣ್ಣಿನ ಸ್ವಭಾವ ತಿಳಿಯದೆ ನೀರಿನ ಲೆಕ್ಕ ಹಾಕಿ ಪ್ರಯೋಜನ ಇಲ್ಲ. ಒದ್ದೆಯಾದರೆ ಉಬ್ಬುತ್ತದೆ, ಕಾಲಿಗೆ ಅಂಟುತ್ತದೆ, ನೀರು ಬೇಗ ಬಸಿಯುವುದಿಲ್ಲ. ಒಣಗಿದರೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ಹೊತ್ತಿಗೆ ನನ್ನ ಅಂಗೈ ತೂರುವಷ್ಟು ಅಗಲದ ಬಿರುಕುಗಳು ಬಿದ್ದಿದ್ದವು. ಒಂದು ಬಿರುಕಿನೊಳಗೆ ಇಣುಕಿ ನೋಡಿದೆ. ಬದನೆಯ ಎಳೆ ಬೇರುಗಳು ಎರಡೂ ಕಡೆ ಹರಿದು ನೂಲಿನ ತುದಿಗಳಂತೆ ನೇತಾಡುತ್ತಿದ್ದವು. ನಾನು ಹಾಕಿದ ನೀರು ಗಿಡದ ಬುಡ ಸೇರದೆ ನೇರವಾಗಿ ಆ ಬಿರುಕಿನೊಳಗೆ ಇಳಿದು ಹೋಗುತ್ತಿತ್ತು. ನಲ್ಲಿ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಅಷ್ಟು ಕಷ್ಟಪಟ್ಟು ತುಂಬಿಟ್ಟ ನೀರು ಕಣ್ಣೆದುರೇ ಹಾಗೆ ಹೋಗುವುದನ್ನು ನೋಡಿ ನನಗೆ ಅಳುವೇ ಬಂದಿತ್ತು.

ಅತ್ತೆಯ ಮದ್ದು ಎರಡು. ಮೊದಲನೆಯದು ಕುರ್ಪಿ, ಕಳೆ ಕೀಳುವ ಸಣ್ಣ ಕೈ ಉಪಕರಣ. ನೀರು ಹಾಕಿದ ಮರುದಿನ, ಮೇಲ್ಮಣ್ಣು ಕೈಗೆ ಅಂಟದಷ್ಟು ಆರಿದಾಗ, ಎರಡು ಬೆರಳು ಆಳಕ್ಕೆ ಕೆದಕಿ ಪುಡಿ ಮಾಡಬೇಕು. ಬಿಳಿಜೋಳದ ಹೊಲದಲ್ಲಿ ಎಡೆ ಹೊಡೆಯುವುದೂ, ಅಂದರೆ ಸಾಲುಗಳ ನಡುವಿನ ಮಣ್ಣು ಸಡಿಲಿಸುವುದೂ, ಇದಕ್ಕೇ. ಸಡಿಲ ಮಣ್ಣು ಬಿರುಕಿನ ಬಾಯಿ ಮುಚ್ಚುತ್ತದೆ, ಕೆಳಗಿನ ತೇವ ಮೇಲೆ ಬಂದು ಆರಿ ಹೋಗುವುದನ್ನು ತಡೆಯುತ್ತದೆ. ಎರಡನೆಯದು ತೊಗರಿ ಹೊಟ್ಟು. ನಮ್ಮ ಜಿಲ್ಲೆಯಲ್ಲಿ ತೊಗರಿಗೆ ಬರವೇ? ಜನವರಿಯಲ್ಲಿ ರಾಶಿ ಮುಗಿದ ಮೇಲೆ ಊರಿಂದ ಎರಡು ಚೀಲ ಹೊಟ್ಟು ತರಿಸಿದೆ. ಕೆದಕಿದ ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿದೆ.

ಅದರಿಂದ ಆದ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಮಧ್ಯಾಹ್ನ ಬರಿ ಮಣ್ಣಿನ ಮೇಲೆ ಅಂಗೈ ಇಟ್ಟರೆ ಚುರ್ ಎನ್ನುತ್ತದೆ. ಹೊಟ್ಟು ಸರಿಸಿ ಅದರ ಕೆಳಗಿನ ಮಣ್ಣು ಮುಟ್ಟಿದರೆ ತಂಪು. ಮೊದಲು ದಿನಕ್ಕೆ ಎಂಟು ಬಕೆಟ್ ಬೇಕಾಗುತ್ತಿತ್ತು. ಹೊದಿಕೆ ಹಾಕಿದ ಮೇಲೆ ನಾಲ್ಕು ಸಾಕಾಯಿತು.

ಒಂದು ತಪ್ಪು ಮಾಡಿದ್ದೆ, ಹೇಳಿಬಿಡುತ್ತೇನೆ. ಹೊಟ್ಟನ್ನು ಗಿಡದ ಕಾಂಡಕ್ಕೆ ಒತ್ತಿ ಪೇರಿಸಿಬಿಟ್ಟೆ. ಒಣ ಹೊಟ್ಟಿಗೆ ಗೆದ್ದಲು ಬಂತು, ಅಲ್ಲಿಂದ ಎರಡು ಬದನೆ ಗಿಡಗಳ ಬುಡಕ್ಕೂ ಹತ್ತಿತು. ಈಗ ಕಾಂಡದ ಸುತ್ತ ಒಂದು ಗೇಣು ಬಿಟ್ಟು ಹಾಕುತ್ತೇನೆ. ಕೆಳಗೆ ಎರಡು ಹಿಡಿ ಬೇವಿನ ಹಿಂಡಿ ಉದುರಿಸುತ್ತೇನೆ.

ಬಳ್ಳಿಗಳಿಗೆ ಗಡಿಗೆ ಹೂಳಿದ್ದು ಮುಂದಿನ ವರ್ಷ. ಐದು ಲೀಟರ್ ಹಿಡಿಯುವ ಮಣ್ಣಿನ ಗಡಿಗೆ. ಬಣ್ಣ ಬಳಿದದ್ದು, ಮೆರುಗು ಕೊಟ್ಟದ್ದು ಬೇಡ, ಅದು ನೀರು ಜಿನುಗಿಸುವುದಿಲ್ಲ. ತಂದ ದಿನ ನೀರು ತುಂಬಿ ಇಟ್ಟೆ. ಬೆಳಿಗ್ಗೆ ಹೊರಮೈ ಒದ್ದೆಯಾಗಿದ್ದ ಗಡಿಗೆಗಳನ್ನು ಮಾತ್ರ ಆರಿಸಿಕೊಂಡೆ. ಕುತ್ತಿಗೆ ಮಟ್ಟಕ್ಕೆ ಹೂತು, ಸುತ್ತ ಅರ್ಧ ಅಡಿ ದೂರದಲ್ಲಿ ಹೀರೆ ಬೀಜ ಊರಿದೆ. ಮಣ್ಣು ಒಣಗಿದಷ್ಟೂ ಗಡಿಗೆಯಿಂದ ನೀರು ಎಳೆದುಕೊಳ್ಳುತ್ತದೆ. ಮಣ್ಣು ತೇವವಾಗಿದ್ದರೆ ಜಿನುಗುವುದು ನಿಧಾನವಾಗುತ್ತದೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಬಾಯಿಗೆ ಮುಚ್ಚಳ ಇಡಲೇಬೇಕು, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಎರೆಮಣ್ಣಿನಲ್ಲಿ ನೇರವಾಗಿ ಹೂತ ಮೊದಲ ಗಡಿಗೆ ಮಣ್ಣು ಉಬ್ಬಿ ಕುಗ್ಗುವ ಒತ್ತಡಕ್ಕೆ ಸೀಳಿಹೋಯಿತು. ಆಮೇಲೆ ಗುಂಡಿ ದೊಡ್ಡದು ತೋಡಿ, ಸುತ್ತ ಗೊಬ್ಬರ ಮತ್ತು ಮರಳು ಬೆರೆಸಿ ತುಂಬಿದೆ. ಬೋರಿನ ನೀರು ಉಪ್ಪು. ಹಾಗಾಗಿ ಪ್ರತಿ ವರ್ಷ ಗಡಿಗೆ ತೆಗೆದು ಬಿಳಿ ಪದರವನ್ನು ತೆಂಗಿನ ನಾರಿನಿಂದ ಉಜ್ಜಿ ಮತ್ತೆ ಹೂಳುತ್ತೇನೆ.

ಕುಂಡಗಳ ಕಥೆಯೇ ಬೇರೆ. ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದ್ ಪರಸಿ, ಅಂದರೆ ಚಪ್ಪಡಿ ಕಲ್ಲು. ಸಂಜೆ ಏಳಕ್ಕೂ ಅದರ ಮೇಲೆ ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಅಂಥ ಕಲ್ಲಿನ ಮೇಲೆ ಕುಂಡ ಇಟ್ಟರೆ ಬೇರು ಬೇಯುತ್ತದೆ, ಅಲ್ವಾ? ಈಗ ಎರಡೆರಡು ಇಟ್ಟಿಗೆ ಮೇಲೆ ಎತ್ತಿ, ಒಂದಕ್ಕೊಂದು ತಾಗಿಸಿ ಗುಂಪಾಗಿ ಇಡುತ್ತೇನೆ. ಪಡುವಣ ಬಿಸಿಲು ಬೀಳುವ ಕಡೆ ಗೋಣಿಚೀಲ ಸುತ್ತುತ್ತೇನೆ. ಮೆಣಸಿನಗಿಡ, ಕೊತ್ತಂಬರಿ, ಮೆಂತೆ ಪಲ್ಲೆಗಳ ಮೇಲೆ ಅರ್ಧ ಬಿಸಿಲು ತಡೆಯುವ ಐವತ್ತು ಪರ್ಸೆಂಟಿನ ಹಸಿರು ನೆರಳು ಬಲೆ ಕಟ್ಟಿದ್ದೇನೆ. ಮೊದಲು ಎಪ್ಪತ್ತೈದರದು ತಂದಿದ್ದೆ. ಗಿಡಗಳು ಬೆಳಕು ಹುಡುಕುತ್ತಾ ಸಣಕಲಾಗಿ ಉದ್ದ ಬೆಳೆದವು, ಹೂವೇ ಇಲ್ಲ. ಬಲೆ ಎಂಟು ಅಡಿ ಎತ್ತರಕ್ಕಿರಲಿ, ಬದಿಗಳಲ್ಲಿ ಗಾಳಿ ಆಡಬೇಕು.

ಏನು ಹಾಕಬೇಕು ಅನ್ನುವುದು ಶಿವರಾತ್ರಿಗೇ ತೀರ್ಮಾನ ಆಗಬೇಕು. ಹೋಳಿ ಆದ ಮೇಲೆ ನಡೆಯುವ ನಮ್ಮೂರ ಶರಣಬಸವೇಶ್ವರ ಜಾತ್ರೆ ಮುಗಿಯುವ ಹೊತ್ತಿಗೆ ಇಲ್ಲಿ ಬಿಸಿಲು ಏರಿರುತ್ತದೆ. ಅಷ್ಟರೊಳಗೆ ಬೇರು ಇಳಿದಿದ್ದರೆ ಗಿಡ ತಡೆದುಕೊಳ್ಳುತ್ತದೆ. ಚವಳಿಕಾಯಿ (ಗೋರಿಕಾಯಿ), ಬೆಂಡೆ, ಹೀರೆ, ಪುಂಡಿ ಸೊಪ್ಪು, ರಾಜಗಿರಿ ಸೊಪ್ಪು ಬಿಸಿಲಿಗೆ ಹೆದರುವುದಿಲ್ಲ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ ತಳಿಯನ್ನೇ ಹಾಕುತ್ತೇನೆ. ಬಿಳಿನೊಣ ಹರಡುವ ಹಳದಿ ನಂಜು ರೋಗವನ್ನು ತಡೆದುಕೊಳ್ಳಲೆಂದೇ ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ ತಳಿ ಅದು. ಟೊಮೆಟೊ ಬಗ್ಗೆ ಮಾತ್ರ ಆಸೆ ಬಿಟ್ಟಿದ್ದೇನೆ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಅದರ ಪರಾಗ ಕೆಲಸಕ್ಕೆ ಬಾರದು, ಹೂವು ಉದುರುತ್ತದೆ. ಗೊಬ್ಬರ ಸುರಿದರೂ ಕಾಯಿ ಕಟ್ಟುವುದಿಲ್ಲ. ಸುಮ್ನೆ ದುಡ್ಡು ಹಾಳು.

ಹೀರೆ ಕಾಯಿ ಕಟ್ಟದೆ ಹಳದಿಯಾಗಿ ಉದುರುತ್ತಿದ್ದಾಗ ನನಗೆ ಕಾರಣ ತಿಳಿದದ್ದು ತಡವಾಗಿ. ಕುಂಬಳದ ಹೂವು ಬೆಳಿಗ್ಗೆ ಅರಳುತ್ತದೆ. ಹೀರೆಯದು ಸಂಜೆ. ನಾನು ಬೆಳಿಗ್ಗೆ ಹೋಗಿ ಬಾಡಿದ ಹೂವುಗಳನ್ನು ಮುಟ್ಟುತ್ತಿದ್ದೆ! ಈಗ ಬಿಸಿಲು ಇಳಿದ ಮೇಲೆ ಬಳ್ಳಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಆರೂವರೆ ಹೊತ್ತಿಗೆ ಹಳದಿ ಹೂವುಗಳು ಅರಳಿ ಮಂದ ಪರಿಮಳ ಬರುತ್ತದೆ. ಗೊಂಚಲಲ್ಲಿ ಇರುವುದು ಗಂಡು ಹೂವು. ಒಂಟಿಯಾಗಿ, ಕೆಳಗೆ ಗೀರುಗಳಿರುವ ಪುಟ್ಟ ಕಾಯಿ ಹೊತ್ತು ನಿಂತದ್ದು ಹೆಣ್ಣು ಹೂವು. ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಪುಡಿ ತುಂಬಿದ ನಡುಭಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರುತ್ತೇನೆ. ಎರಡು ದಿನಕ್ಕೆ ಪುಟ್ಟ ಕಾಯಿ ಹಸಿರಾಗಿಯೇ ಉಳಿದು ಬಾಗಲು ಶುರುವಾದರೆ ಗೆದ್ದಂತೆ.

ಕೀಟದ ಕೆಲಸ ಕಡಿಮೆ. ಒಣ ಬಿಸಿಲಲ್ಲಿ ಎಲೆಯಡಿ ಕೆಂಪು ನುಸಿ ಕೂರುತ್ತದೆ. ಬೆಳಿಗ್ಗೆ ಎಲೆಯ ಕೆಳಭಾಗಕ್ಕೆ ನೀರು ಚಿಮ್ಮಿಸಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಲೀಟರಿಗೆ ಐದು ಎಂಎಲ್ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು. ಸಂಜೆ ಮಾತ್ರ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ದುಂಡುಮಲ್ಲಿಗೆಗೆ ಎಳ್ಳಮಾವಾಸ್ಯೆ ಮುಗಿದ ಮೇಲೆ ಕತ್ತರಿ ಹಾಕುತ್ತೇನೆ. ಮೊಣಕಾಲೆತ್ತರಕ್ಕೆ ಕತ್ತರಿಸುವಾಗ ಹೊಟ್ಟೆ ಚುರುಕ್ ಎನ್ನುತ್ತದೆ. ಆದರೆ ಮಾರ್ಚಿನಲ್ಲಿ ಪ್ರತಿ ಹೊಸ ಚಿಗುರಿನ ತುದಿಯಲ್ಲೂ ಮೊಗ್ಗು. ಮೇ ತಿಂಗಳ ಸಂಜೆ ಅತ್ತೆ ಕಟ್ಟೆಯ ಮೇಲೆ ಕುಳಿತು ಮಾಲೆ ಕಟ್ಟುತ್ತಾರೆ. ಒಂದು ಮೊಳ ದೇವರಿಗೆ, ಒಂದು ಮೊಳ ನನಗೆ.

ಹೋದ ವರ್ಷ ರೋಹಿಣಿ ಮಳೆ ಬಿದ್ದ ಮರುದಿನ ಹೊಟ್ಟು ಸರಿಸಿ ನೋಡಿದೆವು. ಅರ್ಧಕ್ಕರ್ಧ ಕೊಳೆತು ಕಪ್ಪಾಗಿ ಮಣ್ಣಿಗೆ ಬೆರೆತಿತ್ತು. ಬಿರುಕು ಒಂದೂ ಇರಲಿಲ್ಲ. ಅತ್ತೆ ಒಂದು ಹಿಡಿ ತೆಗೆದು ಮೂಸಿ, "ಈಗ ಬಂತು ನೋಡು ಹದಕ್ಕ" ಅಂದರು. ಈ ಸಲ ಎರಡು ಚೀಲ ಸಾಲದು. ಊರಲ್ಲಿ ಮೂರು ಹೇಳಿಟ್ಟು ಬಂದಿದ್ದೇನೆ.