‘ಅವರು’ ಒಂದೇ ಸಾಲದು: ಲಿಂಗ ಸೂಚಿಸದೆ ಕನ್ನಡ ಬರೆಯುವ ಬಗೆ

ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡನ್ನೂ ದಿನವಿಡೀ ಆಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ: ಫೋನಿನಲ್ಲಿ ‘ಮೀ ಯೇತೋ’ ಎಂದರೆ ಗಂಡಸು, ‘ಮೀ ಯೇತೇ’ ಎಂದರೆ ಹೆಂಗಸು ಎಂಬುದು ಮರಾಠಿಯಲ್ಲಿ ಮೊದಲ ಮಾತಿಗೇ ಗೊತ್ತಾಗುತ್ತದೆ; ಕನ್ನಡದ ‘ನಾನು ಬರುತ್ತೇನೆ’ ಅಷ್ಟನ್ನು ಬಿಟ್ಟುಕೊಡುವುದಿಲ್ಲ. ಗೌರವದ ಬಹುವಚನದಲ್ಲಿಯೂ ಮರಾಠಿ ‘ತೇ ಆಲೇ’, ‘ತ್ಯಾ ಆಲ್ಯಾ’ ಎಂದು ಬೇರೆಮಾಡಿದರೆ, ನಮ್ಮಲ್ಲಿ ಎಲ್ಲರಿಗೂ ‘ಅವರು ಬಂದರು’. ಹೀಗಾಗಿ ಗಂಡು, ಹೆಣ್ಣು ಎಂಬ ಎರಡೇ ಮನೆಗಳಲ್ಲಿ ತಮ್ಮನ್ನು ಗುರುತಿಸಿಕೊಳ್ಳದವರ ಬಗ್ಗೆ ಬರೆಯಲು ಕನ್ನಡಕ್ಕೆ ಹೊಸ ಸರ್ವನಾಮ ಬೇಕಿಲ್ಲ. ಆದರೆ ‘ಅವರು’ ಎಂದು ಬರೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದುಕೊಂಡರೆ ನನಗಾದಂತೆಯೇ ಆಗುತ್ತದೆ.

ಚೌಡಿಕೆ ಎಂಬ ತಂತಿವಾದ್ಯ ನುಡಿಸುವವರೊಬ್ಬರ ಕಾರ್ಯಕ್ರಮದ ವರದಿಯನ್ನು ಒಮ್ಮೆ ಬರೆದಿದ್ದೆ. ಉದ್ದಕ್ಕೂ ಎಚ್ಚರದಿಂದ ‘ಅವರು’ ಬಳಸಿ, ಮೊದಲ ಸಾಲಿನಲ್ಲಿಯೇ ‘ಒಬ್ಬ ಅಪರೂಪದ ಕಲಾವಿದ’ ಎಂದಿದ್ದೆ. ಓದಿಸಿ ಕೇಳಿದ ಅವರು ಸಿಟ್ಟಾಗಲಿಲ್ಲ. ‘ಕಲಾವಿದರು ಅಂತ ಬರೀರಿ, ಸಾಕು’ ಎಂದರು. ಲಿಂಗ ನುಸುಳುವುದು ಹೆಚ್ಚಾಗಿ ನಾಮಪದದಲ್ಲಿ, ಅದರ ಹಿಂದಿನ ಸಂಖ್ಯಾಪದದಲ್ಲಿ. ‘ಒಬ್ಬ ಕಲಾವಿದರು’ ಎಂದು ಅರ್ಧ ತಿದ್ದಿದರೂ ‘ಒಬ್ಬ’ ಎಂಬುದು ಗಂಡಾಗಿ ಕೇಳಿಸಬಹುದು, ‘ಕಲಾವಿದರೊಬ್ಬರು’ ಎನ್ನುವುದು ಮೇಲು. ಶಿಕ್ಷಕಿ, ಕವಯಿತ್ರಿ, ಬಡವ, ಚಿಕ್ಕವಳು ಮೊದಲಾದವನ್ನೂ ಇದೇ ಕಣ್ಣಿನಿಂದ ನೋಡಿ. ಅರ್ಜಿ, ಆಮಂತ್ರಣಗಳಲ್ಲಿ ಶ್ರೀ, ಶ್ರೀಮತಿಗಳನ್ನು ಬಿಟ್ಟು ಹೆಸರಿನ ನಂತರ ‘ಅವರು’ ಸೇರಿಸಿದರೆ ಗೌರವಕ್ಕೆ ಕೊರತೆಯಾಗುವುದಿಲ್ಲ.

‘ಅವರು’ ಎಂದಾಗ ಒಬ್ಬರೋ ಹಲವರೋ ಎಂಬ ಗೊಂದಲ ಉಂಟಾಗುವುದು ನಿಜ. ಅಂಥ ಕಡೆ ಹೆಸರನ್ನೇ ಮತ್ತೊಮ್ಮೆ ಬರೆಯಿರಿ, ಇಲ್ಲವೇ ‘ತಾನು’ ಎಂಬುದರ ಸಹಾಯ ಪಡೆಯಿರಿ: ‘ತಾನೇ ಕಟ್ಟಿದ ಹಾಡು’ ಎಂದರೆ ಕಟ್ಟಿದವರು ಒಬ್ಬರೇ ಎಂಬುದು ತಿಳಿಯುತ್ತದೆ, ಲಿಂಗ ತಿಳಿಯುವುದಿಲ್ಲ. ಕ್ರಿಯಾಪದದಲ್ಲಿ ‘ಬಂದನು’, ‘ಬಂದಳು’ ಎಂಬ ಬಾಲ ತಪ್ಪಿಸಿಕೊಳ್ಳುವುದಕ್ಕೂ ದಾರಿಗಳಿವೆ. ಬರಲಿಲ್ಲ, ಬರಬೇಕು, ಬರಬಹುದು, ಬರಲಿ ಎಂಬ ರೂಪಗಳು ಯಾರಿಗೂ ಬದಲಾಗುವುದಿಲ್ಲ. ‘ನಿನ್ನೆ ಬಂದ ಗೆಳೆಯರು’ ಎಂಬಲ್ಲಿನ ‘ಬಂದ’ ಕೂಡ ಹಾಗೆಯೇ. ಮಾತಿನಲ್ಲಂತೂ ನಮ್ಮ ಕಡೆಯ ‘ರಿ’ ಇದೆ. ‘ಬರ್ರಿ, ಕುಂದರ್ರಿ, ಚಾ ಕುಡೀರಿ’ ಎನ್ನುವಾಗ ಎದುರಿಗಿರುವವರು ಯಾರೆಂದು ತೀರ್ಮಾನಿಸುವ ಗೊಡವೆಯೇ ಇಲ್ಲ. ಅದರ ಬದಲು ‘ಬಾರೋ’, ‘ಬಾರೇ’ ಎಂದು ಸಲುಗೆ ತೋರಿಸಹೋದರೆ ತೀರ್ಮಾನ ಆಗಲೇ ಆಗಿರುತ್ತದೆ.

ಒಂದು ಪದವನ್ನು ಮಾತ್ರ ಎಂದಿಗೂ ಬಳಸಬೇಡಿ. ‘ಮಗು ಅಳುತ್ತದೆ’ ಎಂದು ಕೂಸಿಗೆ ಹೇಳುವ ಅಕ್ಕರೆಯ ‘ಅದು’, ಬೆಳೆದ ವ್ಯಕ್ತಿಯ ಬಗ್ಗೆ ಆಡಿದಾಗ ಅವಮಾನವಾಗುತ್ತದೆ. ಶಾಲೆಯ ವ್ಯಾಕರಣದಲ್ಲಿ ನಾವು ಕಲಿತ ‘ನಪುಂಸಕಲಿಂಗ’ ಎಂಬ ಹೆಸರೇ ಬೀದಿಯಲ್ಲಿ ಬೈಗುಳವಾಗಿರುವಾಗ, ಇದು ಬರೀ ವ್ಯಾಕರಣದ ಮಾತೆಂದು ಜಾರಿಕೊಳ್ಳಲು ಬರುವುದಿಲ್ಲ.

ನೋಡಿದ ಕೂಡಲೇ ಸೀರೆ, ದನಿ, ಗಡ್ಡದ ನೆರಳು ಇವುಗಳಿಂದ ಮನಸ್ಸು ಗಂಡು ಅಥವಾ ಹೆಣ್ಣು ಎಂದು ನಿರ್ಧರಿಸಿಬಿಡುತ್ತದೆ, ಆ ನಿರ್ಧಾರ ಎಷ್ಟೋ ಸಲ ತಪ್ಪಿರುತ್ತದೆ. ಬೆಳಗಾವಿ ಜಿಲ್ಲೆಯ ಸವದತ್ತಿ ಗುಡ್ಡಕ್ಕೆ ಹೋದವರು ಇದನ್ನು ಕಂಡಿರಬೇಕು: ಎಲ್ಲಮ್ಮನಿಗೆ ಮುಡಿಪಾದ ಜೋಗಪ್ಪ ಸೀರೆ ಉಟ್ಟು, ಹಣೆಗೆ ಭಂಡಾರ ಹಚ್ಚಿಕೊಂಡು ನಿಂತಿರುತ್ತಾರೆ, ಆ ಹೆಸರಿನಲ್ಲಿ ‘ಅಪ್ಪ’ ಇದೆ, ಕರೆಯುವವರ ಬಾಯಲ್ಲಿ ‘ಅಮ್ಮ’ ಇರುತ್ತದೆ. 2021ರ ಪದ್ಮಶ್ರೀ ಪಡೆದ, ಟ್ರಾನ್ಸ್‌ಜೆಂಡರ್ ಸಮುದಾಯದ ಜಾನಪದ ಕಲಾವಿದರಾದ ಮಂಜಮ್ಮ ಅವರ ಹೆಸರಿನ ಜೊತೆ ಇರುವುದು ‘ಜೋಗತಿ’ ಎಂಬ ಹೆಣ್ಣುರೂಪ. ಒಬ್ಬರಿಗೆ ಒಪ್ಪಿದ ಪದ ಇನ್ನೊಬ್ಬರಿಗೂ ಒಪ್ಪುತ್ತದೆಂದು ಊಹಿಸುವಂತಿಲ್ಲ. ವ್ಯಕ್ತಿ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಎತ್ತಿಹಿಡಿದಿದೆ.

ಆದ್ದರಿಂದ ಕೇಳುವುದೇ ಸರಿ, ಆದರೆ ನಾಲ್ಕು ಜನರ ನಡುವೆ ಅಲ್ಲ. ‘ನಿಮ್ಮನ್ನ ಏನಂತ ಕರೀಬೇಕ್ರಿ?’ ಎಂದರೆ ಸಾಕು. ದೇಹದ ಬಗ್ಗೆ, ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳುವುದು ನಮ್ಮ ಕೆಲಸವಲ್ಲ. ಅವರು ‘ಅವಳು ಅನ್ರಿ’ ಎಂದರೆ ‘ಅವಳು’ ಎನ್ನಬೇಕೇ ಹೊರತು, ನಮ್ಮ ತಟಸ್ಥ ‘ಅವರು’ ಹೆಚ್ಚು ಸಭ್ಯವೆಂದು ಹಟ ಹಿಡಿಯಬಾರದು. ಆಪ್ತರಿಗೆ ‘ಅವರು’ ದೂರ ಮಾಡಿದಂತೆ ಕೇಳಿಸಬಹುದು. ಬಾಯಿತಪ್ಪಿ ‘ಅವನು’ ಎಂದುಬಿಟ್ಟರೆ, ‘ಅಲ್ಲ, ಅವಳು’ ಎಂದು ತಿದ್ದಿ ಅದೇ ವಾಕ್ಯವನ್ನು ಮುಂದುವರಿಸಿ. ಉದ್ದನೆಯ ಕ್ಷಮಾಪಣೆ ಕೇಳಿದರೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸವೂ ಅವರ ಪಾಲಿಗೇ ಬರುತ್ತದೆ.